ಪದರ ಬಿಟ್ಟ ಉಂಡೆ

ಅಧ್ಯಾಯ ಹನ್ನೊಂದು

"ನೆಲಕ್ಕೆ ಬಿಡಿ ಅದನ್ನ," ಅಂದಳು ಆಗ್ನೆಸ್.

ಸಾರ್ಜೆಂಟ್ ಅಮೋಸ್ ಪಿಲ್ಲಿಂಗ್ ತನ್ನ ಅಂಗೈಯಲ್ಲಿದ್ದ ರಬ್ಬರ್ ಉಂಡೆಯನ್ನು ನೋಡಿದ. ದೊಡ್ಡ ನಿಂಬೆಯಷ್ಟು ಗಾತ್ರ, ಮೇಲೆಲ್ಲ ಕೊಳೆಗಟ್ಟಿದ ಕಂದು.

"ಇದು ಕೊಲೆ ಕೇಸಿನ ಸಾಕ್ಷಿ ಕಣಮ್ಮಾ. ಆಟದ ಚೆಂಡಲ್ಲ."

"ಸಾಕ್ಷಿ ಬಾಯಿ ಬಿಡಬೇಕಾದ್ರೆ ನೆಲಕ್ಕೆ ಬಿಡಿ ಅಂದೆ. ಅಲ್ಲೇ ಹಿಡ್ಕೊಂಡು ಮುದ್ದು ಮಾಡ್ತಿದ್ರೆ ಏನೂ ಹೇಳಲ್ಲ ಅದು."

ಸುತ್ತಲಿನ ಮೇಜುಗಳಲ್ಲಿ ಕಿಸಕ್ಕನೆ ನಗು ಕೇಳಿತು. ಪಿಲ್ಲಿಂಗ್ ಬೆರಳು ಸಡಿಲಿಸಿದ. ಉಂಡೆ ತಪ್ಪೆಂದು ಬಿತ್ತು. ಪುಟಿಯಲಿಲ್ಲ. ಎರಡು ಸುತ್ತು ಉರುಳಿ ಹಿಲ್ಡಾಳ ಖಾಲಿ ಮೇಜಿನ ಕಾಲಿಗೆ ತಾಗಿ ನಿಂತಿತು.

ನಗು ನಿಂತಿತು. ಹಾಲಿಂಗ್ರೇಕ್ ಅಂಡ್ ಸನ್ಸ್ ಕಂಪನಿಯ, ರಬ್ಬರ್ ಅಂಟಿನಿಂದ ಮಳೆಕೋಟು ಕಟ್ಟುವ ಆ ಕೋಣೆಯಲ್ಲಿ ಮೂವತ್ತು ಹೆಂಗಸರ ಮೂವತ್ತು ಬೆರಳುಗಳೂ ನಿಂತವು.

ಶನಿವಾರ ಬೆಳಿಗ್ಗೆ, ಹೊರಗಿನಿಂದ ಬೀಗ ಬಿದ್ದಿದ್ದ ಅಂಟಿನ ಉಗ್ರಾಣದೊಳಗೆ ಅಂಟು ಕರಗಿಸುವ ನಾಫ್ತಾ ಎಣ್ಣೆಯ ಆವಿ ಕುಡಿದು ಸತ್ತುಬಿದ್ದಿದ್ದ ಪರ್ಸಿ ಲೋಮ್ಯಾಕ್ಸನ ಬಿಗಿದ ಮುಷ್ಟಿಯಲ್ಲಿ ಸಿಕ್ಕಿದ ಉಂಡೆ ಅದು.

ಪರ್ಸಿ ಇಲ್ಲಿ ನಲವತ್ತೈದು ವರ್ಷ ಬಟ್ಟೆ ಕತ್ತರಿಸಿ ನಿವೃತ್ತನಾದವನು. ಈ ವರ್ಷ, ೧೯೫೪ರಲ್ಲಿ, ಕಂಪನಿಗೆ ನೂರ ಇಪ್ಪತ್ತೈದು ತುಂಬುತ್ತದೆಂದು ಅದರ ಚರಿತ್ರೆ ಬರೆಯುವ ಕೆಲಸ ಅವನಿಗೆ ಕೊಟ್ಟಿದ್ದರು. ಬರೆದದ್ದೆಲ್ಲ ಅವನ ಮೇಜಿನ ಮೇಲೆ ಸಿಕ್ಕಿತ್ತು, ಒಂದು ಅಧ್ಯಾಯದ ಹೊರತು. ೧೯೧೭ರ ಅಧ್ಯಾಯ ಇರಲಿಲ್ಲ.

ಆ ವರ್ಷ ಕಂಪನಿ ಯುದ್ಧಕ್ಕೆ ಕಳಿಸಿದ ಮುನ್ನೂರು ಕೋಟುಗಳ ಜೋಡಣೆ ಕಂದಕದ ಮಳೆಯಲ್ಲಿ ಬಿಚ್ಚಿಕೊಂಡಿತ್ತು. ಕೆಲಸಗೇಡಿ ಅಂತ ಹೆಸರು ಹಚ್ಚಿ ಹೊರಗೆ ಹಾಕಿದ್ದು ಮಾರ್ಥಾ ಡ್ಯೂಹರ್ಸ್ಟ್ ಎಂಬವಳನ್ನು. ವರ್ಷದೊಳಗೆ ಮಾರ್ಥಾಳ ಹೆಣ ಇರ್ವೆಲ್ ನದಿಯಲ್ಲಿ ತೇಲಿತ್ತು. ಅವಳ ವಿರುದ್ಧ ಸಾಕ್ಷಿ ಹೇಳಿದ್ದವನು ಪರ್ಸಿ.

ಹಿಲ್ಡಾ ಆ ಮಾರ್ಥಾಳ ಮಗಳು. ಈಗ ಈ ಕೋಣೆಗೆ ಅವಳೇ ಮೇಲ್ವಿಚಾರಕಿ. ಶುಕ್ರವಾರ ಮಧ್ಯಾಹ್ನ ಎಲ್ಲರ ಕಣ್ಣೆದುರು ಪರ್ಸಿಯ ಕೆನ್ನೆಗೆ ಬಾರಿಸಿದ್ದಳು. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿರುತ್ತಿತ್ತು. ಶನಿವಾರ ಪೊಲೀಸರು ಬಂದಾಗ ಅವಳ ಮೇಜಿನ ಮೇಲೆ ಅವಳ ಉಂಡೆ ಇರಲಿಲ್ಲ.

ಸೂಪರಿಂಟೆಂಡೆಂಟ್ ಗ್ರಿಮ್‌ಷಾಗೆ ಅಷ್ಟು ಸಾಕಾಗಿತ್ತು. ಅಂದಿನಿಂದ ಅವಳು ಠಾಣೆಯಲ್ಲಿದ್ದಾಳೆ. ಇವತ್ತು ಸಂಜೆ ಐದಕ್ಕೆ ಅವಳ ಮೇಲೆ ಕೊಲೆ ಆರೋಪ ದಾಖಲಾಗುತ್ತದೆ. ಆಮೇಲೆ ಅವಳಿಗೂ ನೇಣುಗಂಬಕ್ಕೂ ನಡುವೆ ಉಳಿಯುವುದು ಹನ್ನೆರಡು ಜನ ಜ್ಯೂರಿ ಮಾತ್ರ.

ಪಿಲ್ಲಿಂಗ್ ಗಡಿಯಾರ ನೋಡಿದ. ಮೂರಕ್ಕೆ ಹತ್ತು ನಿಮಿಷ.

ಆಗ್ನೆಸ್ ಸೊಂಟ ಹಿಡಿದುಕೊಂಡು ಬಗ್ಗಿ ಉಂಡೆ ಎತ್ತಿಕೊಂಡಳು. ಮೂವತ್ತೈದು ವರ್ಷದಿಂದ ಇಲ್ಲಿ ಅಂಟು ಸವರುತ್ತಿರುವವಳು. ಇಲ್ಲಿ ಕುಂಚ ಯಾರೂ ಮುಟ್ಟುವುದಿಲ್ಲ. ತೋರುಬೆರಳನ್ನು ಡಬ್ಬಿಗೆ ಅದ್ದಿ, ಜೋಡಣೆಯ ಉದ್ದಕ್ಕೂ ಒಂದೇ ಎಳೆತದಲ್ಲಿ ಸವರಿ, ಮೇಲೆ ಪಟ್ಟಿ ಇಟ್ಟು ಉರುಳೆ ಓಡಿಸಬೇಕು. ಬೆರಳಲ್ಲಿ ಉಳಿದ ಅಂಟನ್ನು ಒರೆಸುವುದಿಲ್ಲ, ಹೆಬ್ಬೆರಳಿಂದ ತಿಕ್ಕಿ ತಿಕ್ಕಿ ಬತ್ತಿ ಮಾಡಿ ಉಂಡೆಗೆ ಮೆತ್ತುತ್ತಾರೆ. ಪ್ರತಿಯೊಬ್ಬಳ ಮೇಜಿನ ಮೇಲೂ ಅವಳದೇ ಒಂದು ಉಂಡೆ. ಒಬ್ಬಳ ಉಂಡೆಗೆ ಇನ್ನೊಬ್ಬಳು ಕೈ ಹಾಕುವುದಿಲ್ಲ.

"ಹಿಲ್ಡಾ ತನ್ನ ಉಂಡೇನ ಹೀಗೆ ಇಟ್ಕೊಂಡಿದ್ರೆ ನಾಚಿಕೇಲೇ ಸತ್ತುಹೋಗ್ತಿದ್ಲು," ಎನ್ನುತ್ತ ಆಗ್ನೆಸ್ ಉಗುರು ಒತ್ತಿದಳು. ಒಂದು ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಅದರ ಕೆಳಗೆ ಇನ್ನೊಂದು. "ನೋಡಿದ್ರಾ? ಒಂದಕ್ಕೊಂದು ಹಿಡಿದೇ ಇಲ್ಲ."

"ಹಳೇದಾಗಿ ಬಿಟ್ಟಿರಬಹುದು."

"ಹಳೇದಾದ್ರೆ ಸೀಳುತ್ತೆ, ಪುಡಿಯಾಗುತ್ತೆ. ಪದರ ಬಿಡಲ್ಲ. ಅಂಟು ಅಂಟಿಗೆ ಹಿಡೀದೆ ಇರೋದು ಒಂದೇ ಒಂದು ಕಾರಣಕ್ಕೆ. ಜಿಡ್ಡು." ತನ್ನ ಎರಡೂ ಕೈ ಅವನ ಮೂಗಿನ ಮುಂದೆ ಹಿಡಿದಳು. ಗೆಣ್ಣುಗಳು ಬಿರಿದು ಗೆರೆಗೆರೆಯಾಗಿದ್ದವು. "ಚಳೀಲಿ ರಕ್ತ ಒಸರಿದ್ರೂ ಮುಲಾಮು ಸವರಂಗಿಲ್ಲ. ಮಧ್ಯಾಹ್ನದ ಬ್ರೆಡ್ಡಿಗೆ ಬೆಣ್ಣೆ ಹಾಕ್ಕೊಳಂಗಿಲ್ಲ. ಇಲ್ಲಿಗೆ ಬಂದ ಮೊದಲನೇ ದಿನ ಹೇಳ್ಕೊಡೋ ಪಾಠ ಅದು."

"ನಮ್ಮೆಜಮಾನ ಅಂತಾನೆ," ಹಿಂದಿನ ಮೇಜಿಂದ ಒಬ್ಬಳು ಕೂಗಿದಳು, "ನಿನ್ನ ಕೈ ಹಿಡಿಯೋ ಬದ್ಲು ಉಪ್ಪುಕಾಗದ ಹಿಡಿಯೋದು ವಾಸಿ ಅಂತ!"

"ಅವನ ಮೂತಿ ನೋಡಿದ್ರೆ ಉಪ್ಪುಕಾಗದವೂ ಒಪ್ಪಲ್ಲ ಬಿಡೇ!"

ಈ ಸಲದ ನಗುವಲ್ಲಿ ಸೇರಿಕೊಳ್ಳದವಳು ಆಗ್ನೆಸ್ ಒಬ್ಬಳೇ. ಅವಳು ಪದರಗಳನ್ನು ಬೆಳಕಿಗೆ ಹಿಡಿದಿದ್ದಳು.

"ಇದು ಖಾಕಿ, ಸಾರ್ಜೆಂಟ್ರೇ. ಮೇಲಿಂದ ನಡುವಿನ ತನಕ ಬರೀ ಖಾಕಿ."

"ಅದರಿಂದ ಏನಾಯ್ತು?"

"ಪ್ರತಿ ಆಗಸ್ಟ್‌ನಲ್ಲಿ ಬ್ಲ್ಯಾಕ್‌ಪೂಲ್ ಕಡಲತೀರದ ರಜೆ ಮುಗಿಸಿ ಬಂದ ದಿನ ನಾವು ಹೊಸ ಉಂಡೆ ಶುರು ಮಾಡ್ತೀವಿ. ಹಳೇದನ್ನ ಮಕ್ಕಳಿಗೆ ಆಡೋಕೆ ಕೊಡ್ತೀವಿ. ಹೋದ ಆಗಸ್ಟ್‌ನಲ್ಲಿ ಇನ್ನೂ ರಾಣಿ ಪಟ್ಟಾಭಿಷೇಕದ ನೆನಪಿನ ಬಿಳಿ ಕೋಟು ಕಟ್ತಿದ್ವಿ. ಬಿಳಿ ಬಟ್ಟೆಗೆ ಬಿಳಿ ಅಂಟು." ತನ್ನ ಮೇಜಿನ ಉಂಡೆ ಎತ್ತಿ ತೋರಿಸಿದಳು. "ಇದನ್ನ ಕೊಯ್ದು ನೋಡಿ. ಹೊರಗೆ ಕಪ್ಪು, ಆಮೇಲೆ ಕಂದು, ನಟ್ಟನಡುವೆ ಬಿಳಿ. ಹಿಲ್ಡಾದೂ ಹಾಗೇ ಇರ್ಬೇಕು. ಈ ಕೋಣೇಲಿ ಎಲ್ಲರದ್ದೂ ಹಾಗೇ."

"ಖಾಕಿ ಕಟ್ಟಿದ್ದು ಯಾವಾಗ?"

"ಹಿಟ್ಲರ್ ಯುದ್ಧದಲ್ಲಂತೂ ಅಲ್ಲ. ಆಗ ನಾವು ಮಾಡಿದ್ದು ಹಡಗಿನೋರಿಗೆ, ಎಲ್ಲ ಕಪ್ಪು. ಖಾಕಿ ಅಂದ್ರೆ ಮೊದಲನೇ ಯುದ್ಧ. ನಾನು ಸೇರೋಕೂ ಮುಂಚಿನ ಮಾತು."

ಪಿಲ್ಲಿಂಗ್ ಟಿಪ್ಪಣಿ ಪುಸ್ತಕದಲ್ಲಿ ಎರಡು ಪದ ಬರೆದುಕೊಂಡ. ಜಿಡ್ಡು. ಖಾಕಿ. ಮೊದಲನೇ ಯುದ್ಧದಲ್ಲಿ ಹಿಲ್ಡಾ ಐದು ವರ್ಷದ ಮಗು.

"ಅಷ್ಟು ಹಳೇ ಉಂಡೇನ ಜೋಪಾನವಾಗಿ ಇಟ್ಕೊಂಡಿರೋರು ಯಾರು?"

ಆಗ್ನೆಸ್ ಬಾಯಿ ತೆರೆದಳು. ಅವನ ಹೆಗಲಿನಾಚೆ ಏನನ್ನೋ ಕಂಡು ಮುಚ್ಚಿಕೊಂಡಳು.

ಬಾಗಿಲಲ್ಲಿ ಮಿಸ್ ಅಡೆಲಾ ಹಾಲಿಂಗ್ರೇಕ್ ನಿಂತಿದ್ದರು. ಮಾಲೀಕ ರೂಪರ್ಟ್ ಹಾಲಿಂಗ್ರೇಕ್‌ರ ಅಕ್ಕ. ಕಾರ್ಮಿಕರ ಊಟದ ಮನೆ, ಹೆರಿಗೆ ರಜೆ, ಕಾಯಿಲೆಗೆ ಕಂಬಳಿ, ಎಲ್ಲವನ್ನೂ ಮೂವತ್ತು ವರ್ಷದಿಂದ ನೋಡಿಕೊಂಡು ಬಂದವರು. ಅನಾಥ ಹಿಲ್ಡಾಳನ್ನು ಹದಿನಾಲ್ಕನೇ ವಯಸ್ಸಿಗೆ ಈ ಕೋಣೆಗೆ ಕೈಹಿಡಿದು ಕರೆತಂದವರೂ ಅವರೇ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಹಾಗಾದ್ರೆ ಅದು ಹಿಲ್ಡಾದಲ್ಲ ಅಂತಾಯ್ತು, ಅಲ್ವಾ ಸಾರ್ಜೆಂಟ್?" ಅವರು ಒಳಗೆ ಬಂದರು. "ದೇವರು ಕಣ್ಣು ಬಿಟ್ಟ."

"ಹಾಗೆ ಕಾಣುತ್ತೆ, ಮೇಡಂ."

"ಅವಳನ್ನ ಬಿಡ್ತಾರಾ?"

"ಕೇಳಿ ನೋಡ್ತೀನಿ."

ಕೋಣೆಯ ಮೂಲೆಯ ಟೆಲಿಫೋನಿಗೆ ಹೋಗಿ ಪಿಲ್ಲಿಂಗ್ ಠಾಣೆಗೆ ಕರೆ ಮಾಡಿದ. ಗ್ರಿಮ್‌ಷಾ ಇಡೀ ಕಥೆ ಕೇಳಿದ.

"ಈರುಳ್ಳಿ ಸಿಪ್ಪೆ ತೋರಿಸಿ ಕೊಲೆಗಾತಿನ ಬಿಡಿಸ್ತೀಯೇನಯ್ಯಾ?"

"ಆ ಸಿಪ್ಪೇನ ಜ್ಯೂರಿ ಮುಂದೆ ಅವಳ ವಕೀಲ ಬಿಡಿಸೋದಕ್ಕಿಂತ ನಾವೇ ಬಿಡಿಸಿ ನೋಡೋದು ವಾಸಿ ಸಾರ್."

ಆ ಕಡೆಯಿಂದ ಒಂದು ಬೈಗುಳ ಬಂತು. "ನಾಳೆ ಬೆಳಿಗ್ಗೆ ಒಂಬತ್ತು. ಅಲ್ಲೀತನಕ ಅವಳು ಮನೇಲಿ ಬಿದ್ದಿರಲಿ. ಒಂಬತ್ತಕ್ಕೆ ನೀನು ಬೇರೆ ಹೆಸರು ತರದಿದ್ರೆ ಮತ್ತೆ ಅವಳೇ. ಜೊತೆಗೆ ನಿನ್ನ ತೋಳಿನ ಸಾರ್ಜೆಂಟ್ ಪಟ್ಟಿನೂ ಕಿತ್ಕೋತೀನಿ."

ಪಿಲ್ಲಿಂಗ್ ತಿರುಗಿದಾಗ ಮಿಸ್ ಅಡೆಲಾ ಅವನ ಹಿಂದೆಯೇ ಇದ್ದರು.

"ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ. ಈ ಮಳೇಲಿ ಬಸ್ಸಿಗೆ ಕಾಯೋದು ಬೇಡ. ಪಾಪ, ಶನಿವಾರದಿಂದ ನೆಟ್ಟಗೆ ಊಟ ಮಾಡಿರಲ್ಲ."

"ಬಹಳ ಉಪಕಾರ, ಮೇಡಂ. ನೇರ ಅವಳ ಮನೆಗೆ ಬಿಟ್ಟುಬಿಡಿ."

ಅವರು ತಲೆಯಾಡಿಸಿದರು. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ತಿಕ್ಕುತ್ತಿತ್ತು. ಫೆಬ್ರವರಿಯ ಚಳಿ ಅಂದುಕೊಂಡ ಪಿಲ್ಲಿಂಗ್.

ಅವರ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಕರಗಿದ ಮೇಲೆ ಆಗ್ನೆಸ್ ಅವನ ತೋಳು ಹಿಡಿದಳು. ಕಣ್ಣು ಮೇಲ್ಛಾವಣಿಯ ಕಡೆಗಿತ್ತು.

"ಉಂಡೆ ಎತ್ತಿಡೋರು ಈ ಕಟ್ಟಡದಲ್ಲಿ ಒಂದೇ ಮನೆಯೋರು. ಯಜಮಾನರ ಮಗ ಹದಿನಾರು ತುಂಬಿದ ವರ್ಷ ಅಂಟಿನ ಮುಂದೆ ಕೂರಬೇಕು. ಒಂದು ವರ್ಷ ಪೂರ್ತಿ. ನಮ್ಮ ಜೊತೆಗಲ್ಲ ಮತ್ತೆ, ಮೇಲೆ ಮಾದರಿ ಕೋಣೇಲಿ, ಬಾಗಿಲು ಹಾಕ್ಕೊಂಡು, ಕಲಿಸೋಕೆ ಒಬ್ಬಳು ಹೆಂಗಸು. ವರ್ಷದ ಕೊನೇಲಿ ಆ ಉಂಡೇನ ಗಾಜಿನ ಪೆಟ್ಟಿಗೇಲಿ ಇಡ್ತಾರೆ."

"೧೯೧೭ರಲ್ಲಿ ಕೂತಿದ್ದು?"

"ರೂಪರ್ಟ್ ಸಾಹೇಬ್ರು. ಕಲಿಸಿದ್ದು ಮಾರ್ಥಾ."

ಪಿಲ್ಲಿಂಗ್ ಅವಳ ಮೇಜಿನಿಂದ ಅಂಟಿನ ಒಂದು ಪುಟ್ಟ ಡಬ್ಬಿ ಎತ್ತಿಕೊಂಡ. "ಇದನ್ನ ಸ್ವಲ್ಪ ಹೊತ್ತು ಸಾಲ ಕೊಡಿ."

*

ರೂಪರ್ಟ್ ಹಾಲಿಂಗ್ರೇಕ್‌ಗೆ ಐವತ್ಮೂರು. ನಯವಾಗಿ ಕ್ಷೌರ ಮಾಡಿದ ದುಂಡು ಮುಖ. ಸಭಾಕೋಣೆಯ ಉದ್ದ ಮೇಜಿನ ತುದಿಯಲ್ಲಿ ಕೂತಿದ್ದವನು ಏಳಲಿಲ್ಲ.

"ಹಿಲ್ಡಾಳನ್ನು ಬಿಟ್ಟಿದ್ದೀರಂತೆ, ಅಕ್ಕ ಹೇಳಿ ಹೋದಳು. ಒಳ್ಳೆ ಕೆಲಸಗಾತಿ. ಸಂತೋಷ."

"ನನಗೂ ಸಂತೋಷವೇ ಸಾರ್. ಈಗ ಅವಳ ಜಾಗಕ್ಕೆ ಒಬ್ಬರು ಬೇಕಾಗಿದ್ದಾರೆ."

ಗೋಡೆಗೆ ಒತ್ತಿದಂತೆ ಗಾಜಿನ ಪೆಟ್ಟಿಗೆ. ಒಳಗೆ ನೀಲಿ ಮಖಮಲ್ಲು, ಅದರ ಮೇಲೆ ನಾಲ್ಕು ಉಂಡೆ, ಪ್ರತಿಯೊಂದರ ಕೆಳಗೂ ಹೆಸರು ಕೆತ್ತಿದ ಬೆಳ್ಳಿ ತಗಡು. ರಬ್ಬರನ್ನು ಕೆಡಿಸುವ ಹಿತ್ತಾಳೆಯನ್ನೂ ತಾಮ್ರವನ್ನೂ ಅದರ ಹತ್ತಿರ ಬಿಟ್ಟುಕೊಳ್ಳದ ಮನೆತನ ಇದು. ಕೊನೆಯ ತಗಡಿನಲ್ಲಿ ರೂಪರ್ಟ್‌ನ ಹೆಸರು, ಕೆಳಗೆ ೧೯೧೭.

ನಾಲ್ಕೂ ಉಂಡೆಗಳು ಜಾಗದಲ್ಲಿದ್ದವು.  ಕೊನೆಯ ಜಾಗ ಖಾಲಿಯಿರುತ್ತದೆ ಎಂದು ಪಿಲ್ಲಿಂಗ್ ಲೆಕ್ಕ ಹಾಕಿಕೊಂಡು ಬಂದಿದ್ದ.

"ಇದು ನಿಮ್ಮದಾ ಸಾರ್?"

"ನನ್ನದೇ. ವರ್ಷಪೂರ್ತಿ ಬೆರಳು ಸವೆಸಿದ್ದೇನೆ. ಈ ಮನೆತನದಲ್ಲಿ ಯಾರೂ ಕೂತಲ್ಲೇ ಯಜಮಾನರಾಗಿಲ್ಲ."

"ಪೆಟ್ಟಿಗೆಯ ಬೀಗದ ಕೈ?"

"ಮನೆಯವರ ಹತ್ತಿರ. ಪರ್ಸಿಗೂ ಒಂದು ಕೊಟ್ಟಿದ್ದೆವು, ಚರಿತ್ರೆಗೆ ಬೇಕು ಅಂದಿದ್ದ."

"ಒಂದು ಸಲ ತೆಗೀತೀರಾ?"

ರೂಪರ್ಟ್ ಬೇಸರದಿಂದಲೇ ಎದ್ದು ಬೀಗ ತೆಗೆದ. ಪಿಲ್ಲಿಂಗ್ ಕೊನೆಯ ಉಂಡೆ ಎತ್ತಿಕೊಂಡು, ಆಗ್ನೆಸ್ ಕಲಿಸಿದ ಹಾಗೆ, ನೆಲಕ್ಕೆ ಬಿಟ್ಟ. ಅದು ನೆಗೆದು ಅವನ ಕೋಟಿನ ಗುಂಡಿಗೆ ಬಡಿಯಿತು.

"ಮೂವತ್ತೇಳು ವರ್ಷದ ಮುದುಕನಿಗೆ ಒಳ್ಳೇ ಕಾಲು," ಎಂದ ಪಿಲ್ಲಿಂಗ್. ಜೇಬಿನಿಂದ ಚಾಕು ತೆಗೆದ.

"ಏಯ್! ಅದು ನಮ್ಮ ಮನೆತನದ—"

ಆಗಲೇ ಕೊಯ್ದಾಗಿತ್ತು. ಎರಡು ಹೋಳುಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಹೊರಗೆ ತೆಳ್ಳಗೆ ಕಪ್ಪು, ಒಳಗೆ ಕಂದು, ನಟ್ಟನಡುವೆ ಬೇಳೆಯಷ್ಟು ಅಚ್ಚ ಬಿಳಿ.

"೧೯೧೭ರಲ್ಲಿ ಯಾವ ರಾಣಿಯ ಪಟ್ಟಾಭಿಷೇಕ ಆಗಿತ್ತು ಸಾರ್?"

ರೂಪರ್ಟ್ ಆ ಬಿಳಿ ನಡುವನ್ನು ಬೆರಳಿಂದ ಮುಟ್ಟಿ ನೋಡಿದ.

"ಇದು ಹಿಲ್ಡಾಳ ಮೇಜಿನಿಂದ ಕಳುವಾದ ಉಂಡೆ. ನಿಜವಾದ ೧೯೧೭ರ ಉಂಡೆ ಸಿಕ್ಕಿದ್ದು ಪರ್ಸಿಯ ಮುಷ್ಟಿಯಲ್ಲಿ. ಅವನು ಇಲ್ಲಿಂದ ತೆಗೆದುಕೊಂಡು ಹೋಗಿ ಯಾರಿಗೋ ತೋರಿಸಿದ. ಆ ಯಾರೋ ಅವನನ್ನ ಉಗ್ರಾಣದಲ್ಲಿ ಕೂಡಿಹಾಕಿದರು. ಆಮೇಲೆ ಈ ಪೆಟ್ಟಿಗೇಲಿ ಖಾಲಿ ಜಾಗ ಕಂಡಿತು. ಕೈಗೆ ಸಿಕ್ಕಿದ ಒಂದನ್ನ ತಂದಿಟ್ಟರು." ಪಿಲ್ಲಿಂಗ್ ಕುರ್ಚಿ ಎಳೆದುಕೊಂಡು ಕೂತ. "ಪರ್ಸಿ ಏನು ತೋರಿಸಿದ ಅಂತಾನೂ ಹೇಳಲಾ? ಆ ಉಂಡೆ ಪದರ ಬಿಡುತ್ತೆ. ಅದನ್ನ ಉರುಳಿಸಿದ ಬೆರಳಲ್ಲಿ ಜಿಡ್ಡಿತ್ತು. ಅದೇ ಬೆರಳು ಸವರಿದ ಮುನ್ನೂರು ಕೋಟು ಮಳೇಲಿ ಬಿಚ್ಚಿಕೊಂಡವು. ಮಾರ್ಥಾ ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದ್ದು ಅವಳ ಪಕ್ಕದಲ್ಲಿ ಕೂತ ವಾರಸುದಾರ."

"ನಾನು ಶುಕ್ರವಾರ ಸಂಜೆ ಲಂಡನ್ನಿನಲ್ಲಿದ್ದೆ."

"ಐದೂ ಮುಕ್ಕಾಲಿನ ರೈಲು ಹತ್ತಿದಿರಿ. ಪರ್ಸಿಯನ್ನ ಕೊನೇಸಲ ನೋಡಿದ್ದು ಐದೂಕಾಲಿಗೆ. ಸ್ಟೇಷನ್ನಿಗೆ ಕಾರಲ್ಲಿ ಹತ್ತು ನಿಮಿಷ. ನಾನೇ ಓಡಿಸಿ ನೋಡಿದ್ದೀನಿ."

"ಹುಚ್ಚು ಮಾತು! ನಾನು ಯಾಕೆ ಜಿಡ್ಡು ಹಚ್ಚಿಕೊಳ್ಳಲಿ? ಮೊದಲನೇ ದಿನವೇ ಕಲಿಸಿದ್ದಾರೆ ನನಗೆ."

"ಏನೇನು ಕಲಿಸಿದರು?"

"ಎಲ್ಲ."

ಪಿಲ್ಲಿಂಗ್ ಡಬ್ಬಿಯ ಮುಚ್ಚಳ ತೆಗೆದು ಮುಂದೆ ತಳ್ಳಿದ. ನಾಫ್ತಾ ವಾಸನೆ ಕೋಣೆಯನ್ನು ತುಂಬಿತು. "ಒಂದೇ ಒಂದು ಎಳೆ ಸವರಿ ತೋರಿಸಿ. ಇಲ್ಲೇ, ಈ ಒತ್ತುಕಾಗದದ ಮೇಲೆ."

ರೂಪರ್ಟ್ ತಿರಸ್ಕಾರದಿಂದ ಬೆರಳು ಅದ್ದಿದ. ಕಾಗದದ ಅಂಚಿಗೆ ಸವರಿದ. ಗೆರೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆಮೇಲೆ ಎಡಗೈಯಿಂದ ಎದೆಜೇಬಿನ ಕರವಸ್ತ್ರ ಎಳೆದು ಬೆರಳು ಒರೆಸಿಕೊಂಡ.

ಪಿಲ್ಲಿಂಗ್ ಆ ಬೆರಳನ್ನೇ ನೋಡುತ್ತಿದ್ದ.

ಕರವಸ್ತ್ರ ಬೆರಳಿಗೆ ಹತ್ತಿಕೊಂಡಿತು. ರೂಪರ್ಟ್ ಜಗ್ಗಿದ. ಇನ್ನೊಂದು ಕೈಗೂ ಹತ್ತಿತು. ಮತ್ತೆ ಜಗ್ಗಿದ. ಬಿಳಿ ರೇಷ್ಮೆ ಎರಡೂ ಕೈಗೆ ಬಲೆಯ ಹಾಗೆ ಸುತ್ತಿಕೊಂಡಿತು.

"ಅಂಟಿನ ಮುಂದೆ ಒಂದು ವಾರ ಕೂತವಳೂ ಬೆರಳಿಗೆ ಬಟ್ಟೆ ತಾಗಿಸಲ್ಲ ಸಾರ್," ಎಂದ ಪಿಲ್ಲಿಂಗ್ ಮೆಲ್ಲಗೆ. "ಹೆಬ್ಬೆರಳಿಂದ ತಿಕ್ಕಿ ಉರುಳಿಸ್ತಾಳೆ. ಒಂದು ವರ್ಷ ಕೂತವರಿಗೆ ಅದು ಸಾಯೋವರೆಗೂ ಕೈ ಬಿಡಲ್ಲ. ನೀವು ಆ ಕೋಣೇಲಿ ಒಂದು ದಿನವೂ ಕೂತಿಲ್ಲ."

ಕಿಟಕಿಯ ಮೇಲೆ ಮಳೆ ಬಡಿಯುತ್ತಿತ್ತು. ರೂಪರ್ಟ್‌ನ ದುಂಡು ಮುಖ ಬಣ್ಣಗೆಟ್ಟಿತ್ತು. ಕೊನೆಗೆ ಬಂದ ಧ್ವನಿ ಹದಿನಾರರ ಹುಡುಗನದು ಅನ್ನಿಸಿತು.

"ಕೀಲುಜ್ವರ ಬಂದಿತ್ತು. ಆ ವರ್ಷವೆಲ್ಲ ಸೌತ್‌ಪೋರ್ಟ್‌ನಲ್ಲಿ ಹಾಸಿಗೆ ಹಿಡಿದಿದ್ದೆ. ಯುದ್ಧದ ಕಾಲ. ಊರಿನ ಗಂಡುಮಕ್ಕಳೆಲ್ಲ ಕಂದಕದಲ್ಲಿರುವಾಗ ವಾರಸುದಾರ ಹಾಸಿಗೆಯಲ್ಲಿದ್ದಾನೆ ಅಂತ ಕೆಲಸಗಾರರಿಗೆ ಗೊತ್ತಾಗುವುದು ಅಪ್ಪನಿಗೆ ಬೇಕಿರಲಿಲ್ಲ. ಮಾದರಿ ಕೋಣೆಯ ಬಾಗಿಲು ಹೇಗೂ ಮುಚ್ಚಿರುತ್ತಿತ್ತು. ಒಳಗೆ ಯಾರೋ ಒಬ್ಬರು ಕೂತರೆ ಸಾಕಾಗಿತ್ತು."

"ಗೊತ್ತಿದ್ದದ್ದು ಯಾರಿಗೆ?"

"ಅಪ್ಪ, ಅಮ್ಮನಿಗೆ. ಕಲಿಸಿದ ಮಾರ್ಥಾಗೆ. ಕತ್ತರಿಸಿದ ಬಟ್ಟೆ ತಂದುಕೊಡುತ್ತಿದ್ದ ಪರ್ಸಿಗೆ."

"ಅವರ್ಯಾರೂ ಈಗಿಲ್ಲ. ಕೂತಿದ್ದು ಯಾರು ಸಾರ್?"

ರೂಪರ್ಟ್ ಕರವಸ್ತ್ರ ಮೆತ್ತಿದ ತನ್ನ ಕೈಗಳನ್ನೇ ನೋಡುತ್ತಿದ್ದ. "ಅವಳ ಕೈ ಬಹಳ ಮೃದು. ಆ ಚಳಿಗಾಲದಲ್ಲಿ ಬಿರಿದು ಹುಣ್ಣಾಗಿತ್ತಂತೆ. ಪತ್ರದಲ್ಲಿ ಬರೆಯುತ್ತಿದ್ದಳು. ಅಮ್ಮನೇ ಯಾರಿಗೂ ತಿಳಿಯದ ಹಾಗೆ ಕುರಿಕೊಬ್ಬಿನ ಮುಲಾಮು ಕಳಿಸುತ್ತಿದ್ದರು..."

ಚಳಿ ಅಂದುಕೊಂಡಿದ್ದ ಪಿಲ್ಲಿಂಗ್‌ನ ಕಣ್ಣ ಮುಂದೆ ಮಿಸ್ ಅಡೆಲಾರ ಬಲಗೈ ಬಂದು ನಿಂತಿತು. ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ತಿಕ್ಕುತ್ತಿತ್ತು, ಇಲ್ಲದ ಅಂಟನ್ನು ಉರುಳಿಸುತ್ತ.

ಕುರ್ಚಿ ಹಿಂದಕ್ಕೆ ಬಿತ್ತು. ಅವನು ಟೆಲಿಫೋನ್ ಎತ್ತಿಕೊಂಡಿದ್ದ.

"ಠಾಣೆ. ಕಾನ್‌ಸ್ಟೇಬಲ್ ಸ್ಪೀಕ್‌ಮನ್."

"ಪಿಲ್ಲಿಂಗ್ ಮಾತಾಡ್ತಿರೋದು. ಹಿಲ್ಡಾ ಡ್ಯೂಹರ್ಸ್ಟ್ ಅಲ್ಲೇ ಇದ್ದಾಳಾ? ಹೊರಗೆ ಬಿಡಬೇಡ."

"ಅಯ್ಯೋ, ಈಗಷ್ಟೇ ಹೋದ್ರಲ್ಲಾ ಸಾರ್ಜೆಂಟ್. ಐದು ನಿಮಿಷ ಆಗಿರಬಹುದು. ಆ ಹಾಲಿಂಗ್ರೇಕ್ ಅಮ್ಮಾವ್ರು ಬಂದು ಕರ್ಕೊಂಡು ಹೋದ್ರು. ಎಂಥಾ ಒಳ್ಳೇ ಹೆಂಗಸು ಅಂತೀರಿ! ಮಳೆ ಅಂತ ತಮ್ಮ ಕೋಟೇ ತೆಗೆದು ಹಿಲ್ಡಾಗೆ ಹೊದಿಸಿದ್ರು. ಅವಳು ಅಳ್ತಾ ಅವರ ಕೈಗೆ ಮುತ್ತು ಕೊಟ್ಲು."

"ಗೇಟಿನಿಂದ ಕಾರು ಯಾವ ಕಡೆ ತಿರುಗಿತು?"

"ಎಡಕ್ಕೆ."

"ಸರಿಯಾಗಿ ಯೋಚನೆ ಮಾಡಿ ಹೇಳು."

"ನಾನೇ ಕೊಡೆ ಹಿಡಿದು ಹತ್ತಿಸಿದ್ದು ಸಾರ್ಜೆಂಟ್. ಎಡಕ್ಕೇ."

ಹಿಲ್ಡಾಳ ಮನೆ ಇದ್ದದ್ದು ಬಲಕ್ಕೆ. ಎಡಕ್ಕೆ ಹೋದ ರಸ್ತೆ ನದಿದಂಡೆಯಲ್ಲಿ ಮುಗಿಯುತ್ತಿತ್ತು. ಅಲ್ಲಿದ್ದದ್ದು ಒಂದೇ ಕಟ್ಟಡ, ಯುದ್ಧ ಮುಗಿದಾಗಿನಿಂದ ಮುಚ್ಚಿದ್ದ ಕಂಪನಿಯ ಹಳೆಯ ಕಾರ್ಖಾನೆ.

ಪಿಲ್ಲಿಂಗ್ ತಿರುಗಿದ. ರೂಪರ್ಟ್ ಬಾಗಿಲ ಪಕ್ಕದ ಗೋಡೆಯನ್ನು ನೋಡುತ್ತ ನಿಂತಿದ್ದ. ಅಲ್ಲಿ ಸಾಲಾಗಿ ಕಂಪನಿಯ ಎಲ್ಲ ಬಾಗಿಲುಗಳ ಇನ್ನೊಂದು ಬೀಗದ ಕೈ ತೂಗುಹಾಕುವ ಮೊಳೆಗಳು. ಕೊನೆಯ ಮೊಳೆ ಖಾಲಿ.

"ಹಳೇ ಕಾರ್ಖಾನೆಯ ಅಂಟಿನ ಉಗ್ರಾಣದ್ದು," ಎಂದ ರೂಪರ್ಟ್. "ಊಟಕ್ಕೆ ಎದ್ದಾಗ ಇಲ್ಲೇ ಇತ್ತು."